ಶಾಲೆ ಮುಚ್ಚಿದ ದಿನಗಳಲ್ಲಿ ನಿದ್ದೆ ಕಾಪಾಡಿಕೊಳ್ಳುವ ಬಗೆ

2020ರ ಮಾರ್ಚ್‌ನಲ್ಲಿ ಕೊರೊನಾ ಸೋಂಕಿನಿಂದಾಗಿ ಶಾಲೆಗಳು ಮುಚ್ಚಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಹೋದಾಗ, ಬೆಳಗಿನ ಬಸ್ಸು, ಪ್ರಾರ್ಥನೆಯ ಗಂಟೆ, ಸಂಜೆಯ ಆಟಗಳೆಲ್ಲ ಒಮ್ಮೆಲೇ ನಿಂತು ವಿದ್ಯಾರ್ಥಿಗಳ ದಿನಚರಿ ಹಳಿ ತಪ್ಪಿತು. ಅಂಥ ಕಾಲದಲ್ಲಿ ಮೊದಲು ಏಳುವ ಹೊತ್ತನ್ನು ನಿಗದಿಪಡಿಸಿಕೊಳ್ಳಿ. ರಾತ್ರಿ ನಿದ್ದೆ ಕೆಟ್ಟಿದ್ದರೂ ಅದೇ ಹೊತ್ತಿಗೆ ಎದ್ದು, ಅರ್ಧ ಗಂಟೆ ಜಗಲಿಯಲ್ಲೋ ತಾರಸಿಯಲ್ಲೋ ಬೆಳಕಿಗೆ ಮೈಯೊಡ್ಡಿದರೆ, ದೇಹದೊಳಗಿನ ಗಡಿಯಾರ ಕ್ರಮೇಣ ಸರಿಹೋಗಿ ರಾತ್ರಿ ನಿದ್ದೆ ತಾನಾಗಿ ಬರುತ್ತದೆ. ಹದಿಹರೆಯದವರಿಗೆ 8ರಿಂದ 10 ಗಂಟೆಗಳ ನಿದ್ದೆ ಬೇಕು. ಅದನ್ನು ಸೋಮಾರಿತನವೆಂದು ಗದರಿಸುವುದು ಅನ್ಯಾಯ.

ಹಾಸಿಗೆಯ ಮೇಲೆ ಕುಳಿತು ಆನ್‌ಲೈನ್ ತರಗತಿ ಕೇಳಬೇಡಿ. ಒಂದೇ ಕೋಣೆಯ ಮನೆಯಾದರೆ ಓದಿಗೆಂದೇ ಚಾಪೆಯೊಂದನ್ನು ಹಾಸಿ, ಪಾಠ ಮುಗಿದೊಡನೆ ಸುತ್ತಿಡಿ. ಮಧ್ಯಾಹ್ನದ ನಂತರ ಕಾಫಿ ಬೇಡ. ಮಲಗುವ ಒಂದು ಗಂಟೆ ಮೊದಲೇ ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗೆ ಹೋಗಲಿ, ಹಿರಿಯರದ್ದೂ ಸಹ.

ಚಿಂತೆಗಳಿಗೆ ಸಂಜೆಯಲ್ಲೇ ಹದಿನೈದು ನಿಮಿಷ ಕೊಡಿ. ‘ಪರೀಕ್ಷೆ ನಡೆಯುತ್ತದೆಯೇ?’, ‘ಅಜ್ಜಿಗೆ ಸೋಂಕು ತಗುಲಿದರೆ?’ ಎಂದು ಬರೆದು, ಪ್ರತಿಯೊಂದರ ಮುಂದೆ ನಾಳೆ ಮಾಡಬಹುದಾದ ಒಂದು ಕೆಲಸವನ್ನು ಬರೆಯಿರಿ. ಏನೂ ಮಾಡಲಾಗದಿದ್ದರೆ ಹಾಗೆಂದೇ ಬರೆಯಿರಿ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ, ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಮರಳಿ ಮಲಗಿ.

ಎರಡು ವಾರ ಕಳೆದರೂ ನಿದ್ದೆ, ಹಸಿವು, ಉತ್ಸಾಹ ಮರಳದಿದ್ದರೆ ವೈದ್ಯರನ್ನು ಕಾಣಿರಿ. ಬದುಕೇ ಬೇಡವೆಂಬ ಮಾತು ಒಮ್ಮೆ ಕೇಳಿದರೂ ಕಾಯದೆ, ಮಗುವನ್ನು ಒಂಟಿಯಾಗಿ ಬಿಡದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.