ಎಲೆಕ್ಟ್ರಿಕ್ ಕಾರು ತಗೋಬೇಕಾ? ಶೋರೂಮಿಗೆ ಹೋಗುವ ಮೊದಲು ಪಾರ್ಕಿಂಗ್ ನೋಡಿ

ಹಸಿರು ನಂಬರ್ ಪ್ಲೇಟಿನ ಕಾರು ಓಡಿಸುವವರಿಗೆ ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಪಕ್ಕದ ಸ್ಕೂಟರಿನವರು ಗಾಜು ಇಳಿಸಿ ಅಂತ ಸನ್ನೆ ಮಾಡುತ್ತಾರೆ. ‘ಸಾರ್, ಫುಲ್ ಚಾರ್ಜಿಗೆ ಎಷ್ಟು ಕೊಡುತ್ತೆ? ತಗೋಬಹುದಾ?’ ಎರಡು ನಿಮಿಷದ ಸಿಗ್ನಲ್ಲಲ್ಲಿ ಏನು ಹೇಳಲಿ? ಅದಕ್ಕೇ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ‘ರಾತ್ರಿ ಕಾರು ಎಲ್ಲಿ ನಿಲ್ಲಿಸುತ್ತೀರಾ?’ ‘ಮನೆ ಮುಂದೆ ರೋಡಲ್ಲೇ’ ಅಂದರೆ ಮಾತು ಬಹುತೇಕ ಅಲ್ಲಿಗೇ ಮುಗಿಯಿತು.

ಜನ ಮೊದಲು ಕಾರು ನೋಡುತ್ತಾರೆ. ಸನ್‌ರೂಫ್, ಸ್ಕ್ರೀನು, ಬಣ್ಣ ಎಲ್ಲ ನೋಡಿ ಬುಕ್ ಮಾಡಿ, ಆಮೇಲೆ ಪ್ಲಗ್ ಎಲ್ಲಿ ಅಂತ ಹುಡುಕುತ್ತಾರೆ. ನಾನೂ ಹಾಗೇ ಮಾಡಿದವನು. ನೀವು ಉಲ್ಟಾ ಮಾಡಿ.

ಮೊದಲ ಕೆಲಸ: ಮೀಟರ್ ಫೋಟೊ ತೆಗೆಯಿರಿ

ಈಗಿರುವ ಕಾರಿನ ಓಡೋಮೀಟರನ್ನು ಇವತ್ತು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸರಿಯಾಗಿ ಒಂದು ತಿಂಗಳಿಗೆ ಇನ್ನೊಂದು. ಅಂದಾಜಿಗೆ ಕೇಳಿದರೆ ಎಲ್ಲರೂ ‘ತಿಂಗಳಿಗೆ ಸಾವಿರ ಕಿ.ಮೀ. ಆಗುತ್ತೆ’ ಅಂತಾರೆ. ಲೆಕ್ಕ ಹಾಕಿದರೆ ವಾರಕ್ಕೆ ಎರಡು ದಿನ ಆಫೀಸು, ಭಾನುವಾರ ತರಕಾರಿ, ಎಲ್ಲ ಸೇರಿ ನಾನೂರು ದಾಟಿರುವುದಿಲ್ಲ.

ಈ ಸಂಖ್ಯೆ ಯಾಕೆ ಮುಖ್ಯ ಅಂದರೆ, ಇವಿ, ಅಂದರೆ ಎಲೆಕ್ಟ್ರಿಕ್ ವಾಹನ, ಕೊಳ್ಳುವಾಗ ಜಾಸ್ತಿ ದುಡ್ಡು ಕೇಳುತ್ತದೆ, ಓಡಿಸುವಾಗ ವಾಪಸ್ ಕೊಡುತ್ತದೆ. ಓಡಿಸದಿದ್ದರೆ ಏನನ್ನು ವಾಪಸ್ ಕೊಡಬೇಕು?

ಲೆಕ್ಕ ಸುಲಭ. ಬೆಂಗಳೂರಿನಲ್ಲಿ ಪೆಟ್ರೋಲು ಲೀಟರಿಗೆ 103 ರೂಪಾಯಿ ಅಂತ ಇಟ್ಟುಕೊಳ್ಳಿ, ಈ ಟ್ರಾಫಿಕ್ಕಲ್ಲಿ ಕಾರು 11 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಒಂಬತ್ತು ರೂಪಾಯಿಗೂ ಜಾಸ್ತಿ. ಸಣ್ಣ, ಮಧ್ಯಮ ಇವಿಗಳು ಗೋಡೆಯಿಂದ ಎಳೆದ ಒಂದು ಯೂನಿಟ್ಟಿಗೆ ಆರು, ಆರೂವರೆ ಕಿ.ಮೀ. ಹೋಗುತ್ತವೆ. ಮನೆಯ ಕರೆಂಟು ತೆರಿಗೆ, ಸರ್‌ಚಾರ್ಜು ಸೇರಿ ಏಳು ರೂಪಾಯಿ ಹಿಡಿದರೂ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ. ಸಾವಿರ ಕಿ.ಮೀ. ಓಡಿಸಿದರೆ ತಿಂಗಳಿಗೆ ಎಂಟು ಸಾವಿರದಷ್ಟು ಉಳಿತಾಯ. ನಾನೂರು ಓಡಿಸಿದರೆ ಮೂರು ಸಾವಿರ ಚಿಲ್ಲರೆ, ಅಷ್ಟೇ.

ಮನೆಯಲ್ಲಿ ಪ್ಲಗ್ ಇಲ್ಲದೆ ಹೊರಗಿನ ಫಾಸ್ಟ್ ಚಾರ್ಜರ್ ನಂಬಿಕೊಂಡರೆ? ಅಲ್ಲಿ ಯೂನಿಟ್ಟಿಗೆ 18ರಿಂದ 25 ರೂಪಾಯಿ, ಅದರಲ್ಲಿ 18% ಜಿಎಸ್‌ಟಿಯೂ ಇದೆ. ಕಿಲೋಮೀಟರಿಗೆ ಮೂರೂವರೆ ಆಸುಪಾಸು ಬರುತ್ತದೆ. ಆಗಲೂ ಪೆಟ್ರೋಲಿಗಿಂತ ಕಡಿಮೆಯೇ, ನಿಜ. ಆದರೆ ವಾರಕ್ಕೊಮ್ಮೆ ಯಾವುದೋ ಮಾಲ್‌ನ ಬೇಸ್‌ಮೆಂಟಲ್ಲಿ ಒಂದು ಗಂಟೆ ಮೊಬೈಲ್ ನೋಡುತ್ತಾ ಕೂರಬೇಕು. ಮೂರು ತಿಂಗಳು ಮಜಾ, ಆಮೇಲೆ ರೇಜಿಗೆ.

ಗೋಡೆ, ಪ್ಲಗ್ಗು ಮತ್ತು ಅರ್ಥಿಂಗು

ನಾನಿರುವುದು ಬಸವೇಶ್ವರನಗರದ ಬಾಡಿಗೆ ಮನೆ. ಎರಡನೇ ಮಹಡಿ. ಕೆಳಗೆ ಓನರ್ ಆಂಟಿ. ಕಾರು ಬಂದ ಮೊದಲ ರಾತ್ರಿ, ಪಾರ್ಕಿಂಗ್ ಗೋಡೆಯ 16 ಆಂಪ್ ಸಾಕೆಟ್ಟಿಗೆ ಪ್ಲಗ್ ಹಾಕಿದೆ. ಚಾರ್ಜರ್ ಡಬ್ಬಿಯಲ್ಲಿ ಕೆಂಪು ದೀಪ. ತೆಗೆದು ಹಾಕಿದೆ, ಮತ್ತೆ ಕೆಂಪು. ಹೊಸ ಕಾರೇ ಕೆಟ್ಟಿದೆ ಅಂತ ಬೆಳಗಿನವರೆಗೆ ನಿದ್ದೆ ಇಲ್ಲ.

ಮಾರನೇ ದಿನ ಬಂದ ಎಲೆಕ್ಟ್ರಿಷಿಯನ್ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಚೀಲದಿಂದ ಎರಡು ವೈರಿನ ಹೋಲ್ಡರು, ಅದರಲ್ಲೊಂದು ಹಳೇ ಕಾಲದ 100 ವಾಟ್ ಬಲ್ಬು ತೆಗೆದ. ಫೇಸಿಗೂ ನ್ಯೂಟ್ರಲ್ಲಿಗೂ ಇಟ್ಟ, ಬಲ್ಬು ಝಗ್ ಅಂತು. ಫೇಸಿಗೂ ಅರ್ಥಿಗೂ ಇಟ್ಟ, ಗರ್ಭಗುಡಿಯ ಎಣ್ಣೆ ದೀಪದ ಹಾಗೆ ಮಿಣ ಮಿಣ. ‘ಅರ್ಥಿಂಗೇ ಇಲ್ಲ ಸಾರ್ ಮನೆಗೆ’ ಅಂದ. ಇದನ್ನು ನೀವೇ ಮಾಡಲು ಹೋಗಬೇಡಿ, ಅವರ ಕೈಯಲ್ಲೇ ಮಾಡಿಸಿ.

ಅರ್ಥ್ ಪಿಟ್ ಎಲ್ಲಿದೆ ಅಂತ ಆಂಟಿಯನ್ನು ಕೇಳಿದರೆ, ‘ಸಂಪ್ ಪಕ್ಕ ಇತ್ತಪ್ಪ, ಟೈಲ್ಸ್ ಹಾಕಿಸಿದಾಗ ಮುಚ್ಚಿಹೋಯ್ತು’ ಅಂದರು. ಹೊಸದಾಗಿ ಗುಂಡಿ ತೆಗೆಸಿ, ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸಿದ್ದಾಯಿತು. ಸಂಜೆ ಹಸಿರು ದೀಪ ಬಂತು. ಈಗ ಬೇಸಿಗೆಯಲ್ಲಿ ಆಂಟಿ ಅಂಗಳ ತೊಳೆದು ಉಳಿದ ಒಂದು ಬಕೆಟ್ ನೀರನ್ನು ಆ ಗುಂಡಿಗೇ ಹಾಕುತ್ತಾರೆ.

ಇದನ್ನು ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ನಮ್ಮ ಹಳೇ ಬಡಾವಣೆಗಳ ಎಷ್ಟೋ ಮನೆಗಳ ಕಥೆ ಇದೇ. ಫ್ರಿಜ್ಜು, ಮಿಕ್ಸಿ ಅರ್ಥಿಂಗ್ ಇಲ್ಲದಿದ್ದರೂ ಸುಮ್ನೆ ಓಡುತ್ತವೆ. ಕಾರು ಓಡುವುದಿಲ್ಲ, ಚಾರ್ಜ್ ತಗೊಳ್ಳುವುದೇ ಇಲ್ಲ. ಬುಕ್ ಮಾಡುವ ಮೊದಲೇ ಪರೀಕ್ಷೆ ಮಾಡಿಸಿ. ಆ ಸಾಕೆಟ್ಟಿಗೆ ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆ ವೈರು, ಬೇರೆ ಎಂಸಿಬಿ (ಲೋಡು ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು) ಇರಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಖಂಡಿತ ಬೇಡ. ಎಂಟು ಗಂಟೆ ಒಂದೇ ಸಮ ಎಳೆಯುವ ಲೋಡು ಇದು, ಗೀಸರಿನ ಹಾಗೆ ಹತ್ತು ನಿಮಿಷದ್ದಲ್ಲ.

7.2 ಕಿಲೋವ್ಯಾಟಿನ ದೊಡ್ಡ ಚಾರ್ಜರ್ ಬೇಕೇ ಬೇಕು ಅಂತ ಶೋರೂಮಿನಲ್ಲಿ ಹೇಳಬಹುದು. ಬಹಳ ಮನೆಗಳ ಮಂಜೂರಾದ ಲೋಡು ಎರಡೋ ಮೂರೋ ಕಿಲೋವ್ಯಾಟು, ಅದರ ಮೇಲೆ ಇದನ್ನು ಹಾಕಲು ಆಗುವುದಿಲ್ಲ, ಲೋಡು ಏರಿಸಬೇಕು. ನಿಜ ಹೇಳಬೇಕೆಂದರೆ 16 ಆಂಪ್ ಸಾಕೆಟ್ಟು ರಾತ್ರಿ ಎಂಟು ಗಂಟೆಯಲ್ಲಿ 20 ಯೂನಿಟ್ ತುಂಬುತ್ತದೆ, ಅಂದರೆ 120 ಕಿ.ಮೀ. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವವರಿಗೂ ಸಾಕು.

ಅಪಾರ್ಟ್‌ಮೆಂಟಿನವರು ಮೊದಲು ಅಸೋಸಿಯೇಷನ್ ಜೊತೆ ಮಾತಾಡಿ. ನಿಮ್ಮ ಮನೆಯ ಮೀಟರಿನಿಂದಲೇ ವೈರು ಎಳೆಯಬಹುದು, ಇಲ್ಲವೇ ಬೇರೆ ಕನೆಕ್ಷನ್ ತಗೋಬಹುದು; ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿಯಲ್ಲಿ ಎರಡಕ್ಕೂ ಅವಕಾಶ ಇದೆ. ಅದನ್ನು ಪ್ರಿಂಟ್ ತೆಗೆದುಕೊಂಡೇ ಮೀಟಿಂಗಿಗೆ ಹೋಗಿ, ಬೇಸ್‌ಮೆಂಟಲ್ಲಿ ಬೆಂಕಿ ಅಂತ ಶುರು ಮಾಡುವವರು ಒಬ್ಬರಾದರೂ ಇರುತ್ತಾರೆ.

ಗೃಹಜ್ಯೋತಿ ಲೆಕ್ಕ

ನನ್ನ ಎರಡನೇ ಪಾಠ. ಆ ಪಾರ್ಕಿಂಗ್ ಸಾಕೆಟ್ಟು ಇದ್ದದ್ದು ಆಂಟಿಯ ಮೀಟರಿಗೆ. ಯೂನಿಟ್ ಲೆಕ್ಕ ಮಾಡಿ ದುಡ್ಡು ಕೊಡುತ್ತೇನೆ ಅಂತ ಒಪ್ಪಂದ. ಅವರು ತಿಂಗಳಿಗೆ 130 ಯೂನಿಟ್ ಉರಿಸುವವರು, 2023ರ ಜುಲೈಯಿಂದ ಝೀರೋ ಬಿಲ್. ನನ್ನ ಕಾರಿನ 140 ಸೇರಿ 270 ಆಯಿತು. ಗೃಹಜ್ಯೋತಿಯಲ್ಲಿ 200 ದಾಟಿದರೆ ಮೇಲಿನದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಆ ತಿಂಗಳು ಆಂಟಿ ಬಿಲ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು, ಮಂಡಿ ನೋವಿದ್ದರೂ. ಎರಡು ಸಾವಿರದ ಮುನ್ನೂರು ರೂಪಾಯಿ ಆಸುಪಾಸು. ‘ಇದೇನಪ್ಪ, ನಾನು ಎರಡು ಫ್ಯಾನು ಒಂದು ಟಿವಿ ಹಾಕೋದು’ ಅಂದರು. ನಾನೇ ಕಟ್ಟಿದೆ, ಇನ್ನೇನು ಮಾಡುವುದು.

ಅಂದರೆ ನನ್ನ ಕಾರಿನ ಕರೆಂಟು ಸಾವಿರ ರೂಪಾಯಿಯದ್ದಲ್ಲ, ಎರಡು ಸಾವಿರಕ್ಕೂ ಜಾಸ್ತಿ. ಇದನ್ನು ಇವಿ ಮಾರುವವರು ಯಾರೂ ಹೇಳುವುದಿಲ್ಲ. ನಿಮ್ಮದು ಝೀರೋ ಬಿಲ್ ಮನೆಯಾದರೆ ಕಾರಿಗೆ ಬೇರೆ ಮೀಟರ್ ತಗೊಳ್ಳಿ. ಬೆಸ್ಕಾಂನಲ್ಲಿ ಇವಿ ಚಾರ್ಜಿಂಗ್‌ಗೆ ಅಂತಲೇ ಬೇರೆ ದರ ಇದೆ, ಯೂನಿಟ್ಟಿಗೆ ನಾಲ್ಕೂವರೆ ರೂಪಾಯಿ ಆಸುಪಾಸು, ಫಿಕ್ಸೆಡ್ ಚಾರ್ಜ್ ಬೇರೆ. ಬಾಡಿಗೆಯವರಾದರೆ ಓನರಿನ ಒಪ್ಪಿಗೆ ಪತ್ರ ಬೇಕಾಗುತ್ತದೆ. ಡಿಪಾಸಿಟ್ಟು, ವೈರಿಂಗು, ಓಡಾಟ ಎಲ್ಲ ಸೇರಿಸಿ ಈ ಖರ್ಚನ್ನು ಕಾರಿನ ಬೆಲೆಗೇ ಕೂಡಿಸಿಕೊಳ್ಳಿ.

ಕೊಟೇಶನ್ ಓದುವಾಗ

ಎಕ್ಸ್ ಶೋರೂಮ್ ಬೆಲೆ ಹೋಲಿಸಬೇಡಿ, ರಸ್ತೆ ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿದ ಆನ್ ರೋಡ್ ಬೆಲೆ ಹೋಲಿಸಿ. ಇವಿಗೆ ಜಿಎಸ್‌ಟಿ 5% ಮಾತ್ರ. ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರಿನಿಂದ ಸಣ್ಣದಾದರೆ 18%, ದೊಡ್ಡದಾದರೆ 40%. ಅದಕ್ಕಿಂತ ದೊಡ್ಡ ಆಟ ನಮ್ಮ ರಾಜ್ಯದ ರಸ್ತೆ ತೆರಿಗೆಯದ್ದು. ಹತ್ತರಿಂದ ಇಪ್ಪತ್ತು ಲಕ್ಷದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ 17% ತೆರಿಗೆ, ಆ ತೆರಿಗೆಯ ಮೇಲೆ ಸೆಸ್ಸು. ಹನ್ನೆರಡು ಲಕ್ಷದ ಕಾರಿಗೆ ಎರಡು ಲಕ್ಷ ದಾಟುತ್ತದೆ. ಇವಿಗಳಿಗೆ ಪೂರ್ತಿ ವಿನಾಯಿತಿ ಇತ್ತು, 2024ರಲ್ಲಿ 25 ಲಕ್ಷ ಮೇಲಿನವಕ್ಕೆ 10% ಹಾಕಿದರು. ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವ ಬಾಬತ್ತು ಇದು, ಹೋದ ವರ್ಷ ತಗೊಂಡ ಸ್ನೇಹಿತರ ಮಾತು ನಂಬಬೇಡಿ, ಬುಕ್ ಮಾಡುವ ದಿನದ ಕೊಟೇಶನ್‌ನಲ್ಲಿ ಆ ಒಂದು ಸಾಲನ್ನು ಬೆರಳಿಟ್ಟು ನೋಡಿ.

ಇನ್ನೊಂದು. ಇವಿ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷದವರೆಗೆ ರಿಯಾಯಿತಿ ಇದೆ ಅಂತ ಈಗಲೂ ಹೇಳುವವರಿದ್ದಾರೆ. ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ.

ಈಗ ಭಾಗಾಕಾರ. ಎರಡು ಕಾರುಗಳ ಆನ್ ರೋಡ್ ವ್ಯತ್ಯಾಸ ಮೂರೂವರೆ ಲಕ್ಷ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಎಂಟು ಸಾವಿರ ಉಳಿದರೆ ನಾಲ್ಕು ವರ್ಷದೊಳಗೆ ಲೆಕ್ಕ ಚುಕ್ತಾ. ಮೂರು ಸಾವಿರ ಉಳಿದರೆ ಹತ್ತು ವರ್ಷದ ಹತ್ತಿರ, ಅಷ್ಟರಲ್ಲಿ ಬಹಳ ಕಾರುಗಳ ಎಂಟು ವರ್ಷದ ಬ್ಯಾಟರಿ ವಾರಂಟಿಯೇ ಮುಗಿದಿರುತ್ತದೆ. ಕಮ್ಮಿ ಓಡಿಸುವವರು ಪೆಟ್ರೋಲ್ ಕಾರಲ್ಲೇ ಇರಿ ಅಂತ ನಾನು ಮುಲಾಜಿಲ್ಲದೆ ಹೇಳುತ್ತೇನೆ. ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿಯೂ ಈಗ ಇದೆ. 2024ರಲ್ಲಿ ಎಂಜಿ ವಿಂಡ್ಸರ್ ಕಾರು ಬಂದಾಗ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬಾಡಿಗೆ ಇತ್ತು. ಕೈಯಿಂದ ಕೊಡುವುದು ಕಡಿಮೆ, ಆದರೆ ಉಳಿತಾಯದ ದೊಡ್ಡ ಪಾಲು ಆ ಬಾಡಿಗೆಗೇ ಹೋಗುತ್ತದೆ. ತಿಂಗಳಿಗೆ ಇಷ್ಟಾದರೂ ಓಡಿಸಬೇಕು ಅನ್ನೋ ಷರತ್ತು ಇದೆಯಾ ಕೇಳಿ.

ಊರಿಗೆ ಹೋಗುವ ದಿನ

ಜಾಮ್ ಇವಿಗೆ ಹಬ್ಬ. ಸಿಲ್ಕ್ ಬೋರ್ಡಲ್ಲಿ ಅರ್ಧ ಗಂಟೆ ನಿಂತರೂ ಎಸಿಗೆ ಒಂದಿಷ್ಟು ಹೋಗುವುದು ಬಿಟ್ಟರೆ ಏನೂ ಖರ್ಚಿಲ್ಲ, ಬ್ರೇಕ್ ಒತ್ತಿದಾಗಲೆಲ್ಲ ಚೂರು ಚಾರ್ಜ್ ವಾಪಸ್ ಬರುತ್ತದೆ. ಹೈವೇಯಲ್ಲಿ ಕಥೆ ಉಲ್ಟಾ. ನೂರರಲ್ಲಿ ಹೊಡೆದರೆ ಕಂಪನಿ ಹೇಳಿದ ರೇಂಜಿನ (ಫುಲ್ ಚಾರ್ಜಿಗೆ ಹೋಗುವ ದೂರ) ಮೂರನೇ ಎರಡು ಭಾಗ ಸಿಕ್ಕಿದರೆ ಪುಣ್ಯ.

ನಮ್ಮ ಅತ್ತೆ ಮನೆ ಪುತ್ತೂರು, ಮುನ್ನೂರು ಕಿ.ಮೀ. ಮೇಲೆ. ಸಕಲೇಶಪುರದವರೆಗೆ ಪರವಾಗಿಲ್ಲ. ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿ ಪರ್ಸೆಂಟು ಏರುವುದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಬರುವಾಗ ಅದೇ ಘಾಟಿ ಹತ್ತುವಾಗ ನೀರು ಸೋರಿದ ಹಾಗೆ ಸೋರುತ್ತದೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ ಅಲ್ವಾ, ಕರಾವಳಿಯಿಂದ ಬರುವವರು ಅಷ್ಟನ್ನೂ ಹತ್ತಲೇಬೇಕು. ಹೋಗುವ ಲೆಕ್ಕ ಇಟ್ಟುಕೊಂಡು ಬರುವ ಪ್ಲಾನ್ ಮಾಡಬೇಡಿ.

ಒಂದು ದೀಪಾವಳಿಗೆ ಬೆಳ್ಳೂರು ಕ್ರಾಸ್ ದಾಟಿದ ಮೇಲೆ ಒಂದು ಹೋಟೆಲಿನ ಚಾರ್ಜರ್ ನಂಬಿಕೊಂಡು ಹೋದೆವು. ಕಾರಿಗೆ ಚುಚ್ಚುವ ಎರಡು ಗನ್ನಿನಲ್ಲಿ ಒಂದು ಸತ್ತಿತ್ತು, ಇನ್ನೊಂದರ ಮುಂದೆ ಎರಡು ಕಾರು. ಒಂದೂವರೆ ಗಂಟೆ, ಮೂರು ಕಾಫಿ, ಮನೆಯವಳ ಮೌನ. ಆಮೇಲೆ ನಿಯಮ ಮಾಡಿಕೊಂಡೆ: ಒಂದು ಚಾರ್ಜರ್ ಕೈಕೊಟ್ಟರೂ ಮುಂದಿನದಕ್ಕೆ ತಲುಪುವಷ್ಟು ಇರುವಾಗಲೇ ನಿಲ್ಲಿಸುವುದು, ನಾಲ್ಕೈದು ಆ್ಯಪ್‌ಗಳ ವ್ಯಾಲೆಟ್ಟಿಗೆ ಮನೆಯಲ್ಲೇ ದುಡ್ಡು ಹಾಕಿಟ್ಟುಕೊಳ್ಳುವುದು, ಹಬ್ಬದ ಹಿಂದಿನ ಸಂಜೆ ಬದಲು ಬೆಳಗಿನ ಜಾವ ಹೊರಡುವುದು. ವರ್ಷಕ್ಕೆ ಎರಡು ಸಲ ಊರಿಗೆ ಹೋಗುವವರಿಗೆ ಇದು ತಡೆದುಕೊಳ್ಳುವಷ್ಟೇ. ತಿಂಗಳಿಗೆ ಎರಡು ಸಲ ಹೋಗುವವರಿಗೆ ಬೇಡ.

ಬ್ಯಾಟರಿ, ಮಳೆ, ಮರುಮಾರಾಟ

ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ, ಆ ಮಟ್ಟಿಗೆ ನಮ್ಮ ಊರಿನ ಹವೆ ಕಲಬುರಗಿಗಿಂತ ವಾಸಿ. ಬ್ಯಾಟರಿಯಲ್ಲಿ ಮುಖ್ಯವಾಗಿ ಎರಡು ಜಾತಿ, ಒಳಗಿನ ರಾಸಾಯನಿಕ ಬೇರೆ ಬೇರೆ. ಎಲ್‌ಎಫ್‌ಪಿ ಬ್ಯಾಟರಿಯಾದರೆ ಆಗಾಗ ಪೂರ್ತಿ ನೂರಕ್ಕೆ ತುಂಬಿಸಬಹುದು, ಎನ್‌ಎಂಸಿ ಆದರೆ ದಿನಾ 80ಕ್ಕೆ ನಿಲ್ಲಿಸಿ. ಯಾವುದು ಅಂತ ಕೇಳಿ ಬರೆಸಿಕೊಳ್ಳಿ.

ಮಳೆ ಅಂದರೆ ಎಲ್ಲರಿಗೂ 2022ರ ಬೆಳ್ಳಂದೂರು ನೆನಪಾಗುತ್ತದೆ. ಬ್ಯಾಟರಿಗೆ ಕೊಡುವ ಐಪಿ67 ಅನ್ನೋ ರೇಟಿಂಗ್ ಅಂದರೆ ಆ ಡಬ್ಬಿ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ, ರಾತ್ರಿಯಿಡೀ ಮುಳುಗಿರುವ ಬೇಸ್‌ಮೆಂಟಿಗೆ ಅಲ್ಲ. ನಿಮ್ಮ ಬೇಸ್‌ಮೆಂಟಿಗೆ ನೀರು ನುಗ್ಗುತ್ತದೆ ಅಂತಾದರೆ ಸಾಕೆಟ್ಟನ್ನು ಎದೆ ಮಟ್ಟಕ್ಕೆ ಹಾಕಿಸಿ.

ಥರ್ಡ್ ಪಾರ್ಟಿ ಇನ್ಶೂರೆನ್ಸಿನಲ್ಲಿ ಇವಿಗೆ 15% ಕಡಿಮೆ. ಎಂಜಿನ್ ಆಯಿಲ್ ಇಲ್ಲದ್ದರಿಂದ ಸರ್ವಿಸ್ ಬಿಲ್ ಸಣ್ಣದು. ಟೈರು ಮಾತ್ರ ಬೇಗ ಸವೆಯುತ್ತದೆ, ಗಾಡಿ ಭಾರ ಜಾಸ್ತಿ. ಮಾರುವಾಗ ಬೆಲೆ ಚೆನ್ನಾಗಿ ಬರುತ್ತದೆ ಅನ್ನೋ ಆಸೆ ಬಿಡಿ, ಎಂಟು ವರ್ಷ ನೀವೇ ಓಡಿಸುವ ಲೆಕ್ಕದಲ್ಲಿ ತಗೊಳ್ಳಿ.

ಕೊನೆಗೆ ಟೆಸ್ಟ್ ಡ್ರೈವ್. ಶೋರೂಮಿನವರು ಅಲ್ಲೇ ಸರ್ವಿಸ್ ರೋಡಲ್ಲಿ ಒಂದು ಸುತ್ತು ಹೊಡೆಸುತ್ತಾರೆ. ಒಪ್ಪಬೇಡಿ, ನಿಮ್ಮ ಮನೆಗೇ ತರಿಸಿ. ರಾತ್ರಿ ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ, ಕೇಬಲ್ ಸಾಕೆಟ್ಟಿಗೆ ಸಿಗುತ್ತದಾ ಎಳೆದು ನೋಡಿ. ಚಾರ್ಜಿಂಗ್ ಬಾಯಿ ಕೆಲವು ಕಾರಿನಲ್ಲಿ ಮುಂದಿದೆ, ಕೆಲವದರಲ್ಲಿ ಹಿಂದೆ ಪಕ್ಕದಲ್ಲಿ. ನಾನು ನೋಡಿರಲಿಲ್ಲ. ಅದಕ್ಕೇ ಮೂರು ವರ್ಷದಿಂದ ದಿನಾ ರಾತ್ರಿ, ಆ ಸಣ್ಣ ಗಲ್ಲಿಯಲ್ಲಿ, ಹಿಂದೆ ಎರಡು ಸ್ಕೂಟರು ಹಾರನ್ ಹೊಡೆಯುತ್ತಿರುವಾಗ ರಿವರ್ಸಲ್ಲೇ ಒಳಗೆ ಹಾಕುತ್ತಿದ್ದೇನೆ.