ಬ್ಯಾಂಕಿನ ಸೂಟು, ಮರದ ಸೌಟು

ಲಂಡನ್ನಿನ ಕೆನೇರಿ ವಾರ್ಫ್‌ನಲ್ಲಿ ಕಂಪನಿಗಳ ಖರೀದಿ, ವಿಲೀನಗಳಿಗೆ ಬೆಲೆ ಕಟ್ಟುವುದು ನನ್ನ ಬ್ಯಾಂಕ್ ಕಸುಬು. ದಾವಣಗೆರೆಯಿಂದ ಬಂದು, ಬ್ರಿಟಿಷ್ ಪೌರತ್ವ ಪಡೆದು, ವರ್ಷಗಟ್ಟಲೆ ಎಕ್ಸೆಲ್ ಹಾಳೆಗಳ ಮುಂದೆ ಕುಳಿತಿದ್ದವನಿಗೆ 2022ರಲ್ಲಿ ಬರೋ ಕೌನ್ಸಿಲ್ (ನಗರದ ಒಂದು ಭಾಗದ ಸ್ಥಳೀಯ ಆಡಳಿತ) ಚುನಾವಣೆಗೆ ನಿಲ್ಲುವ ಹುಕಿ ಬಂತು. ಬ್ಯಾಂಕಿನಿಂದ ರಾಜಕೀಯಕ್ಕೆ ಹೋದವರು ಇಲ್ಲಿ ಅಪರೂಪವಲ್ಲ. ಡಾಯ್ಚ ಬ್ಯಾಂಕಿನಲ್ಲಿದ್ದ ಸಾಜಿದ್ ಜಾವಿದ್ 2019ರಲ್ಲಿ, ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿದ್ದ ರಿಷಿ ಸುನಕ್ 2020ರಲ್ಲಿ ಹಣಕಾಸು ಸಚಿವರಾದವರು. ನನ್ನ ಕಣ್ಣಿದ್ದದ್ದು ಕಸ, ಪಾರ್ಕಿಂಗ್, ಬೀದಿದೀಪಗಳ ಕೌನ್ಸಿಲರ್ ಸ್ಥಾನದ ಮೇಲೆ. ಕಲಬುರಗಿಯ ನೀರಜ್ ಪಾಟೀಲರು ಲಂಡನ್ನಿನದೇ ಬರೋ ಆದ ಲ್ಯಾಂಬೆತ್‌ನ ಮೇಯರ್ ಆಗಿದ್ದರಲ್ಲ ಎಂಬ ಧೈರ್ಯವೂ ಇತ್ತು.

ಮೊದಲು ಬ್ಯಾಂಕಿನ ಕಂಪ್ಲಯನ್ಸ್ (ನಿಯಮಪಾಲನೆ) ವಿಭಾಗದ ಅನುಮತಿ ಬೇಕಾಯಿತು. ಅಲ್ಲಿನ ಅಧಿಕಾರಿ ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ: “ಗೆದ್ದರೆ ಪಿಂಚಣಿ ಸಮಿತಿಗೆ ಸೇರುತ್ತೀರಾ?” ಲಂಡನ್ನಿನ ಬರೋಗಳು ನೌಕರರ ಪಿಂಚಣಿ ನಿಧಿಯ ಹೂಡಿಕೆಯನ್ನು ನೋಡಿಕೊಳ್ಳುತ್ತವೆ, ಆ ಹಣದ ಮೇಲೆ ನಮ್ಮಂಥ ಬ್ಯಾಂಕುಗಳಿಗೆ ಕಣ್ಣಿದ್ದೇ ಇರುತ್ತದೆ. ಸೇರುವುದಿಲ್ಲವೆಂದು ಬರೆದುಕೊಟ್ಟೆ. ರೇಗಿತು, ಆದರೆ ಆತ ಕೇಳಿದ್ದು ನ್ಯಾಯವಾಗಿತ್ತು.

ನಾಮಪತ್ರ ಸುಲಭ. ಇಬ್ಬರು ಮತದಾರರ ಸಹಿ ಸಾಕು, ಠೇವಣಿ ಇಲ್ಲ. ಸಂಸತ್ತಿಗಾದರೆ 500 ಪೌಂಡ್ ಕಟ್ಟಬೇಕು. ಖರ್ಚಿನ ಮಿತಿ 2022ರಲ್ಲಿ 806 ಪೌಂಡ್ ಇತ್ತು, ಅದರ ಮೇಲೆ ತಲಾ ಮತದಾರನಿಗೆ 7 ಪೆನ್ಸ್. ಒಂದೇ ಪಕ್ಷದಿಂದ ಮೂವರು ಒಟ್ಟಿಗೆ ನಿಂತರೆ ಅದರಲ್ಲೂ ಕಡಿತ.

ನನ್ನ ಮೊದಲ ಕರಪತ್ರದಲ್ಲಿ ಕೌನ್ಸಿಲ್ ತೆರಿಗೆಯ ಎರಡು ಗ್ರಾಫುಗಳಿದ್ದವು. ಒಬ್ಬ ಅಜ್ಜಿ ಅದನ್ನು ಹಿಂದಿರುಗಿಸಿ, “ಇದನ್ನು ಓದಲು ಕನ್ನಡಕ ಸಾಲದು, ಜೊತೆಗೆ ನೀನೂ ಬೇಕು” ಎಂದರು. ಅವರಿಗೆ ಬೇಕಾಗಿದ್ದದ್ದು ಮೂರು ವಾರದಿಂದ ಖಾಲಿಯಾಗದ ಕಸದ ತೊಟ್ಟಿಯ ಸುದ್ದಿ.

ಕರಪತ್ರ ಹಂಚುವುದೂ ಒಂದು ವಿದ್ಯೆ. ಇಲ್ಲಿನ ಬಾಗಿಲುಗಳ ಅಂಚೆ ಕಿಂಡಿಗೆ ಗಟ್ಟಿ ಸ್ಪ್ರಿಂಗ್, ಒಳಗೆ ಬ್ರಷ್ಷಿನ ಮುಳ್ಳು, ಅದರಾಚೆ ಹೊಂಚು ಹಾಕಿದ ನಾಯಿ. ನನ್ನ ಬೆರಳಿನ ಪಟ್ಟಿ ನೋಡಿದ ಪಕ್ಷದ ಹಿರಿಯ ಕಾರ್ಯಕರ್ತೆ ಚೀಲದಿಂದ ಚಪ್ಪಟೆ ತುದಿಯ ಮರದ ಸೌಟು ತೆಗೆದುಕೊಟ್ಟರು. ಅದರ ಮೇಲೆ ಕಾಗದ ಸುತ್ತಿ ಒಳಕ್ಕೆ ತಳ್ಳಿದರೆ ಬೆರಳು ಕ್ಷೇಮ.

ನಾನು ಎಡವಿದ್ದು ಲೆಕ್ಕದಲ್ಲಿ, ನಾಚಿಕೆಯಾಗುವುದೂ ಅದಕ್ಕೇ. ವ್ಯವಹಾರದಲ್ಲಿ ಗ್ರಾಹಕ “ಯೋಚಿಸುತ್ತೇವೆ” ಎಂದರೆ ಅದು ಇಲ್ಲವೆಂದೇ ಅರ್ಥ ಎಂದು ಕಿರಿಯರಿಗೆ ಪಾಠ ಹೇಳುವವನು ನಾನು. ಮನೆಬಾಗಿಲಲ್ಲಿ ನಗುತ್ತ “ಯೋಚಿಸುತ್ತೇನೆ” ಎಂದವರನ್ನೆಲ್ಲ ಪಟ್ಟಿಯಲ್ಲಿ “ನಮ್ಮವರು” ಎಂದು ಗುರುತು ಹಾಕಿಕೊಂಡೆ. ಕೊನೆಯ ವಾರ ಅವರ ಬೀದಿಗಳತ್ತ ಸುಳಿಯಲೇ ಇಲ್ಲ.

ಮೇ 5ರ ಗುರುವಾರ ಮತದಾನ. ನಮ್ಮ ವಾರ್ಡಿಗೆ ಮೂರು ಸ್ಥಾನ, ಒಬ್ಬರಿಗೆ ಮೂರು ಮತ. ಬೇರೆಬೇರೆ ಪಕ್ಷಗಳಿಗೆ ಮತ ಹಂಚಿದ ಚೀಟಿಗಳನ್ನು ಉದ್ದದ ಹಾಳೆಗೆ ಒಂದರ ಪಕ್ಕ ಒಂದು ಅಂಟಿಸಿ ಎಣಿಸುತ್ತಾರೆ. ಮಾವಿನೆಲೆಯ ತೋರಣ ನೋಡಿದಂತಾಗುತ್ತದೆ. ಅಭ್ಯರ್ಥಿ ನೋಡಬಹುದು, ಮುಟ್ಟುವಂತಿಲ್ಲ. ನನ್ನ ಹೆಸರಿನ ಸಾಲು ಖಾಲಿ ಖಾಲಿಯಾಗಿ ಸಾಗುವುದನ್ನು ಕೈಕಟ್ಟಿ ನೋಡಿದೆ. ಸೋತೆ.

ಫಲಿತಾಂಶದ 35 ದಿನದೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು. ರಸೀದಿಗಳನ್ನು ಜೋಡಿಸುತ್ತ, ಸೌಟನ್ನೂ ಸೇರಿಸಬೇಕೇ ಎಂದು ಚುನಾವಣಾ ಏಜೆಂಟರನ್ನು ಕೇಳಿದೆ. “ಅದು ಎರವಲು ತಂದದ್ದಲ್ಲವೇ? ವಾಪಸ್ ಕೊಡಿ” ಎಂದರು.