ಕೆಸರಿನ ಅಡೆತಡೆ ಓಟಕ್ಕೆ ಗಂಡ–ಹೆಂಡತಿ ಜೊತೆಯಾಗಿ ಇಳಿಯುವುದು ಹೇಗೆ?

ಮುಳ್ಳುತಂತಿಯ ಕೆಳಗೆ ತೆವಳುತ್ತಾ, ಆಳೆತ್ತರ ಮೀರಿದ ಮರದ ಗೋಡೆ ಹತ್ತುತ್ತಾ, ಸೊಂಟದವರೆಗಿನ ಕೆಸರುಹೊಂಡಗಳನ್ನು ದಾಟುತ್ತಾ ಸಾಗುವ ಓಟಗಳಿಗೆ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ 1987ರಲ್ಲಿ ಶುರುವಾದ ‘ಟಫ್ ಗೈ’ ಸ್ಪರ್ಧೆ ದಾರಿ ಹಾಕಿಕೊಟ್ಟಿತು. 2010ರಲ್ಲಿ ಅಮೆರಿಕದಲ್ಲಿ ಹುಟ್ಟಿಕೊಂಡ ‘ಟಫ್ ಮಡ್ಡರ್’ ಮತ್ತು ‘ಸ್ಪಾರ್ಟನ್ ರೇಸ್’ಗಳು ಅದನ್ನು ಸಾಮಾನ್ಯ ಓಟಗಾರರ ಬಳಿಗೆ ತಂದವು. ಬೆಂಗಳೂರಿನಲ್ಲೂ ‘ಡೆವಿಲ್ಸ್ ಸರ್ಕ್ಯೂಟ್’ನಂಥ ಓಟಗಳು ನಡೆದಿವೆ. ದಂಪತಿಗಳು ಜೊತೆಯಾಗಿ ಓಡಲು ಇಂಥ ಓಟಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮ್ಯಾರಥಾನಿನಲ್ಲಿ ವೇಗ ಕಡಿಮೆಯಿರುವವರು ಹಿಂದೆ ಉಳಿದುಬಿಡುತ್ತಾರೆ. ಇಲ್ಲಿ ಹಾಗಲ್ಲ, ಒಬ್ಬರ ಕೈ ಇನ್ನೊಬ್ಬರಿಗೆ ಸಿಕ್ಕದೆ ಗೋಡೆ ಹತ್ತುವುದೇ ಕಷ್ಟ.

ಮೊದಲು ಯಾವ ಬಗೆಯ ಓಟ ಎಂಬುದನ್ನು ನಿರ್ಧರಿಸಿಕೊಳ್ಳಿ. ಸ್ಪಾರ್ಟನ್ ರೇಸ್‌ನಲ್ಲಿ ಸಮಯದ ಲೆಕ್ಕವಿರುತ್ತದೆ, ಅಡೆತಡೆ ದಾಟಲಾಗದಿದ್ದರೆ ಬರ್ಪಿ (ಕುಕ್ಕರಗಾಲಿನಿಂದ ದಂಡದ ಭಂಗಿಗೆ ಹೋಗಿ ಮತ್ತೆ ಎದ್ದು ಜಿಗಿಯುವ ಕಸರತ್ತು) ಅಥವಾ ಹೆಚ್ಚುವರಿ ಸುತ್ತಿನ ದಂಡವೂ ಇರುತ್ತದೆ. ಟಫ್ ಮಡ್ಡರ್‌ನ ಸಾಮಾನ್ಯ ಓಟದಲ್ಲಿ ಗೆದ್ದವರ ಪಟ್ಟಿಯೇ ಇಲ್ಲ. ಜೊತೆಗಾರರಿಗೆ ನೆರವಾಗುವುದೇ ಅಲ್ಲಿನ ನಿಯಮ, ಬೇಡವೆನಿಸಿದ ಅಡೆತಡೆಯನ್ನು ಬಿಟ್ಟು ಬದಿಯಿಂದ ಮುಂದೆ ಹೋಗಬಹುದು. ಮೊದಲ ಸಲ ಇಳಿಯುವ ದಂಪತಿಗಳಿಗೆ ಈ ಎರಡನೆಯ ಬಗೆಯೇ ತಕ್ಕದ್ದು, ದೂರವೂ ಐದು ಕಿಲೊಮೀಟರ್ ಮೀರದಿರಲಿ. ಹೆಸರು ನೋಂದಾಯಿಸುವಾಗ ಇಬ್ಬರಿಗೂ ಒಂದೇ ಆರಂಭದ ಸಮಯ ಸಿಕ್ಕಿದೆಯೇ ಎಂದು ನೋಡಿಕೊಳ್ಳಿ.

ತಯಾರಿಗೆ ಎಂಟರಿಂದ ಹತ್ತು ವಾರ ಕೊಡಿ. ವಾರಕ್ಕೆ ಮೂರು ದಿನ ಓಟ ಮತ್ತು ನಡಿಗೆಯನ್ನು ಬೆರೆಸಿ ಮಾಡಿದರೆ ಐದು ಕಿಲೊಮೀಟರಿಗೆ ಕಾಲು ಸಿದ್ಧವಾಗುತ್ತದೆ. ಆದರೆ ಹೆಚ್ಚಿನವರು ಸೋಲುವುದು ಕಾಲಿನಿಂದಲ್ಲ, ಹಿಡಿತದಿಂದ. ಉದ್ಯಾನದ ಕಂಬಿಗೆ ಜೋತುಬಿದ್ದು ಅರ್ಧ ನಿಮಿಷ ನಿಲ್ಲುವುದನ್ನು, ತುಂಬಿದ ಎರಡು ಬಕೆಟ್ ಹಿಡಿದು ಮಹಡಿ ಮೆಟ್ಟಿಲು ಹತ್ತಿಳಿಯುವುದನ್ನು ರೂಢಿ ಮಾಡಿಕೊಳ್ಳಿ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಇಳಿಯಲೇಬಾರದು. ನಲವತ್ತು ದಾಟಿದವರು ವೈದ್ಯರ ಸಲಹೆ ಪಡೆದೇ ಹೆಸರು ಕೊಡುವುದು ಒಳ್ಳೆಯದು.

ಹತ್ತಿಯ ಬಟ್ಟೆ ನೀರು ಹೀರಿ ಭಾರವಾಗುವುದರಿಂದ ಮೈಗೆ ಅಂಟುವ ಪಾಲಿಯೆಸ್ಟರ್ ಉಡುಪನ್ನೇ ಧರಿಸಿ, ಮೊಣಕಾಲು ಮುಚ್ಚಿರಲಿ. ಅಡಿಭಾಗದಲ್ಲಿ ಆಳವಾದ ಹಲ್ಲುಗಳಿರುವ, ಈಗಾಗಲೇ ಪಳಗಿದ ಶೂಗಳಿಗೆ ಎರಡು ಗಂಟು ಬಿಗಿಯಿರಿ. ಉಂಗುರ, ಕಾಲುಂಗುರ, ಬಳೆ, ಮಾಂಗಲ್ಯದ ಸರ ಎಲ್ಲವನ್ನೂ ಹಿಂದಿನ ರಾತ್ರಿಯೇ ತೆಗೆದಿಡಿ. ಇದಕ್ಕೆ ಮನಸ್ಸು ಒಪ್ಪದಿರುವುದು ಸಹಜ. ಆದರೂ ಗೋಡೆಯ ಅಂಚಿಗೆ ಉಂಗುರ ಸಿಕ್ಕಿ ದೇಹದ ಭಾರವೆಲ್ಲ ಅದರ ಮೇಲೆ ಬಿದ್ದರೆ ಬೆರಳಿನ ಚರ್ಮವೇ ಕಿತ್ತು ಬರಬಹುದು, ಸರ ತಂತಿಗೆ ಸಿಕ್ಕಿದರೆ ಕುತ್ತಿಗೆಗೇ ಅಪಾಯ. ಕಾಂಟ್ಯಾಕ್ಟ್ ಲೆನ್ಸ್ ಕೂಡ ಬೇಡ.

ಇನ್ನು ನಿಜವಾದ ವಿಷಯಕ್ಕೆ ಬರೋಣ. ಹೊರಡುವ ಮೊದಲು ದಂಪತಿಗಳು ಎರಡು ಮಾತು ಒಪ್ಪಿಕೊಂಡಿರಬೇಕು. ನಿಧಾನವಾಗಿ ಓಡುವವರ ವೇಗವೇ ಇಬ್ಬರ ವೇಗ ಎಂಬುದು ಮೊದಲನೆಯದು; ಹೀಗಾಗಿ ಅವರೇ ಮುಂದೆ ಓಡಲಿ, ಗಟ್ಟಿಗರು ಹಿಂದಿರಲಿ. ಒಬ್ಬರು ‘ಇದು ನನ್ನಿಂದಾಗದು’ ಎಂದರೆ ಇನ್ನೊಬ್ಬರು ಅಲ್ಲಿ ವಾದ ಮಾಡಬಾರದು ಎಂಬುದು ಎರಡನೆಯದು. ಎತ್ತರದ ಹಲಗೆಯ ಮೇಲೆ ನಿಂತು ಹೆದರಿದವರನ್ನು ಪ್ರೀತಿಯಿಂದಲೇ ಆದರೂ ಒತ್ತಾಯಿಸುವುದು ಅಪಾಯ. ಟಫ್ ಮಡ್ಡರ್‌ನ ನೀರಿಗೆ ಜಿಗಿಯುವ ಅಡೆತಡೆಯಲ್ಲಿ 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಒಬ್ಬರು ಮುಳುಗಿ ಪ್ರಾಣ ಕಳೆದುಕೊಂಡರು. ಈಜು ಬಾರದವರು ಅಲ್ಲಿನ ಸ್ವಯಂಸೇವಕರಿಗೆ ಹೇಳಿ ಬದಿಯಿಂದ ದಾಟಲಿ. ಜಿಗಿಯುವವರು ಕೆಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಾಲು ಮುಂದಾಗಿಯೇ ಇಳಿಯಲಿ, ಒಬ್ಬರು ದಡ ಸೇರಿದ ಮೇಲೆ ಇನ್ನೊಬ್ಬರು ಹಾರಲಿ.

ಗೋಡೆಯ ಬಳಿ ಭಾರವಿರುವವರು ಬೆನ್ನನ್ನು ಹಲಗೆಗೆ ಆನಿಸಿ, ಮೊಣಕಾಲು ಬಗ್ಗಿಸಿ ನಿಂತು, ಎರಡೂ ಅಂಗೈಗಳನ್ನು ಹೆಣೆದು ಮೆಟ್ಟಿಲು ಮಾಡಿಕೊಡಬೇಕು. ಹಗುರವಿರುವವರು ಅದರ ಮೇಲೆ, ಅನಂತರ ಹೆಗಲ ಮೇಲೆ ಕಾಲಿಟ್ಟು ಅಂಚು ಹಿಡಿದು, ಗೋಡೆಯನ್ನು ಎರಡೂ ಕಾಲುಗಳ ನಡುವೆ ಇರಿಸಿಕೊಂಡು ಕೂರಬೇಕು. ಮೇಲಿನಿಂದ ಕೈಕೊಡುವಾಗ ಅಂಗೈ ಹಿಡಿಯಬೇಡಿ. ಕೆಸರಾದ ಅಂಗೈ ಜಾರುತ್ತದೆ. ಇಬ್ಬರೂ ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿದರೆ ಒಂದು ಕೈ ಸಡಿಲಾದರೂ ಮತ್ತೊಂದು ಉಳಿಯುತ್ತದೆ. ಸಾಲದಿದ್ದರೆ ಪಕ್ಕದ ಓಟಗಾರರನ್ನು ಕರೆಯಲು ಸಂಕೋಚ ಬೇಡ.

ಆಳವಾದ ಕೆಸರಿನಲ್ಲಿ ಹೆಜ್ಜೆ ಚಿಕ್ಕದಿರಲಿ. ನಾಟಿಗೆ ಹದಮಾಡಿದ ಗದ್ದೆಯಲ್ಲಿ ನಡೆದು ಗೊತ್ತಿರುವ ನಮ್ಮ ಮಲೆನಾಡು, ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೂತ ಕಾಲನ್ನು ನೇರ ಮೇಲಕ್ಕೆಳೆದರೆ ಶೂ ಅಲ್ಲೇ ಉಳಿಯುತ್ತದೆ, ಹಿಮ್ಮಡಿಯನ್ನು ಅತ್ತಿತ್ತ ಅಲುಗಿಸಿ ಗಾಳಿ ಹೋಗಲು ದಾರಿ ಮಾಡಿ ನಿಧಾನವಾಗಿ ತೆಗೆಯಬೇಕು.

ಜೊತೆಗಾರರನ್ನು ಹೊತ್ತು ನಡೆಯುವ ‘ಹೀರೊ ಕ್ಯಾರಿ’ಯಲ್ಲಿ ಅರ್ಧ ದಾರಿಯಲ್ಲಿ ಹೊರುವವರು ಬದಲಾಗುತ್ತಾರೆ. ಫಿನ್ಲೆಂಡಿನ ಸೊಂಕಾಯಾರ್ವಿಯಲ್ಲಿ 1992ರಿಂದ ನಡೆಯುವ ಹೆಂಡತಿ ಹೊರುವ ಓಟದಲ್ಲಿ ತಲೆಕೆಳಗಾಗಿ ಬೆನ್ನಿಗೆ ಜೋತುಬೀಳುವ ಭಂಗಿ ಪ್ರಸಿದ್ಧ, ಆದರೆ ಆ ಹಾದಿಯ ಉದ್ದ 253.5 ಮೀಟರ್ ಮಾತ್ರ. ಜಾರುವ ನೆಲದಲ್ಲಿ ಅದನ್ನು ಅನುಕರಿಸದೆ ಮಕ್ಕಳನ್ನು ಹೊರುವಂತೆ ಉಪ್ಪುಮೂಟೆ ಹೊತ್ತರೆ ಸಾಕು. ಹೆಂಡತಿಗೆ ಗಂಡನನ್ನು ಹೊರಲಾಗದಿದ್ದರೆ ಹೆಗಲ ಮೇಲೆ ಕೈ ಹಾಕಿಸಿಕೊಂಡು ನಡೆಸಿದರೂ ಆದೀತು.

ಕೆಸರುನೀರಿಗೆ ಇಳಿದಾಗಲೆಲ್ಲ ಬಾಯಿ ಮುಚ್ಚಿರಲಿ. 2012ರಲ್ಲಿ ಅಮೆರಿಕದ ನೆವಾಡಾದ ಅಡೆತಡೆ ಓಟವೊಂದರಲ್ಲಿ, ದನಗಳು ಓಡಾಡಿದ್ದ ಜಾಗದ ಕೆಸರುನೀರು ಬಾಯಿಗೆ ಹೋಗಿ ಹಲವರಿಗೆ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಭೇದಿ ಕಾಣಿಸಿಕೊಂಡಿತ್ತು. ಮುಗಿದ ಕೂಡಲೇ ಶುದ್ಧ ನೀರಿನಲ್ಲಿ ಮೈ ತೊಳೆದುಕೊಂಡು, ತಮಗೆ ಕಾಣದ ಬೆನ್ನು ಮತ್ತು ಮೀನಖಂಡದ ಗಾಯಗಳನ್ನು ಪರಸ್ಪರ ನೋಡಿ ಸೋಪಿನಿಂದ ತೊಳೆಯಿರಿ. ಟೆಟನಸ್ ಚುಚ್ಚುಮದ್ದಿನ ಅವಧಿ ಮೀರಿಲ್ಲವೇ ಎಂದು ಮೊದಲೇ ವಿಚಾರಿಸಿಕೊಂಡಿರಬೇಕು. ಇಲಿ ಮತ್ತು ಜಾನುವಾರುಗಳ ಮೂತ್ರ ಬೆರೆತ ಕೆಸರಿನಿಂದ ಇಲಿ ಜ್ವರವೂ ಬರಬಹುದು. ಅದು ಸಾಮಾನ್ಯವಾಗಿ ಒಂದೆರಡು ವಾರ ತಡವಾಗಿ ಕಾಣಿಸಿಕೊಳ್ಳುವುದರಿಂದ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಇಬ್ಬರಲ್ಲಿ ಯಾರಿಗೆ ಕಂಡರೂ ತಡಮಾಡದೆ ವೈದ್ಯರ ಬಳಿಗೆ ಹೋಗಿ, ಕೆಸರಿನಲ್ಲಿ ಓಡಿದ್ದನ್ನು ಮರೆಯದೆ ತಿಳಿಸಿ.